ಮಂದಿಯ ಗಾದಿ

ಹತ್ತಿ ಹಿಂಜುವವರ ಮನೆಯಲ್ಲಿ ಕಸ ಗುಡಿಸುವುದೆಂದರೆ ಸುಳ್ಳು ಕೆಲಸ. ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ತೊಲೆಯಿಂದ ಹತ್ತಿಯ ಧೂಳು ಮತ್ತೆ ಇಳಿಯುತ್ತದೆ. ಒಲೆಯ ಮೇಲೆ, ಅನ್ನದ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ. ಆ ದಿನ ನಾನು ಬೆಳಗಿನಿಂದ ಗುಡಿಸುತ್ತಲೇ ಇದ್ದೆ. ಮಧ್ಯಾಹ್ನ ಶಿಗ್ಗಾಂವದಿಂದ ದೊಡ್ಡ ಮನುಷ್ಯರು ಬರುವವರಿದ್ದರು. ನಮ್ಮದು ಬಡವರ ಮನೆ ಹೌದೋ ಅಲ್ಲವೋ ಎಂದು ಕಣ್ಣಾರೆ ನೋಡಲು ಬರುವವರಿದ್ದರು. ಅವರಿಗೆ ಬಡತನ ಕಾಣಬೇಕಿತ್ತು, ಹೊಲಸು ಕಾಣಬಾರದಿತ್ತು. ಎರಡನ್ನೂ ಬೇರೆ ಬೇರೆ ಮಾಡಿ ಇಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ನನ್ನ ಹೆಸರು ಶಬನಮ. ಹುಲಗೂರಿನ ದರ್ಗಾದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾವು ನದಾಫರು, ಊರವರ ಬಾಯಲ್ಲಿ ಪಿಂಜಾರರು. ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಹೊಸದು ಮಾಡಿಕೊಡುವುದು ನಮ್ಮ ಕೆಲಸ. ಮಂದಿ ಮಲಗಿದ, ಹಡೆದ, ಸತ್ತ ಗಾದಿಗಳ ಧೂಳು ನಮ್ಮ ಎದೆಯಲ್ಲಿದೆ. ಅಪ್ಪ ಇಸ್ಮಾಯಿಲಸಾಬನ ಎದೆಯಲ್ಲಿ ಎಷ್ಟು ತುಂಬಿತೆಂದರೆ ಈಗ ಅವನು ಹಿಂಜುವ ಮಶೀನಿನ ಮುಂದೆ ಕೂಡಲಾರ. ಅವನ ಜಾಗದಲ್ಲಿ ಅಕ್ಕ ಗೌಹರ ಕೂಡುತ್ತಾಳೆ. ನಾನು ಶಿಗ್ಗಾಂವದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು ಬಿಎಸ್ಸಿ ಮುಗಿಸಿದೆ. ಇಳಿಯುವ ಮೊದಲು ಬಸ್ಸಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಕೂದಲಲ್ಲಿಯ ಹತ್ತಿ ಆರಿಸಿ ಒಗೆಯುತ್ತಿದ್ದೆ. ಆದರೂ ಒಂದು ಎಳೆ ಉಳಿಯುತ್ತಿತ್ತು. ಹಿಂದಿನ ಬೆಂಚಿನವರು ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಕ್ಲಾಸಿಗೆಲ್ಲ ತೋರಿಸುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಮತ್ತೇನು ಮಾಡುವುದು?

ಧಾರವಾಡದಲ್ಲಿ ಎಂಎಸ್ಸಿ ರಸಾಯನಶಾಸ್ತ್ರಕ್ಕೆ ನನಗೆ ಸೀಟು ಸಿಕ್ಕಿತ್ತು. ಸೀಟು ಸಿಕ್ಕರೆ ಸಾಲದು. ಫೀ ಬೇಕು, ಇರಲು ಜಾಗ ಬೇಕು. ಶಿಗ್ಗಾಂವದ ಒಂದು ಪ್ರತಿಷ್ಠಾನ ಪ್ರತಿ ವರ್ಷ ಒಬ್ಬ ಬಡ ವಿದ್ಯಾರ್ಥಿಯ ಓದು, ಊಟ, ವಸತಿ ಎಲ್ಲ ನೋಡಿಕೊಳ್ಳುತ್ತಿತ್ತು. ಅವರ ಪರೀಕ್ಷೆ ಬರೆದೆ, ಸಂದರ್ಶನಕ್ಕೆ ಹೋದೆ. ಎರಡರಲ್ಲೂ ನಾನೇ ಮೊದಲು. ಇನ್ನು ಉಳಿದದ್ದು ಮನೆ ನೋಡುವುದೊಂದೇ. ಅವರು ಹೂಂ ಅಂದರೆ ನಾನು ಧಾರವಾಡಕ್ಕೆ. ಊಹೂಂ ಅಂದರೆ ಅಕ್ಕನ ಮಗ್ಗುಲಿಗೆ.

"ಅವರನ್ನ ಕುಂಡ್ರಿಸೂದು ಎಲ್ಲಿ?" ಅಪ್ಪ ಬಾಗಿಲಲ್ಲಿ ನಿಂತು ಕೇಳಿದ.

ಮನೆಯಲ್ಲಿ ಕುರ್ಚಿ ಇರಲಿಲ್ಲ. ಹರಕು ಕೌದಿಗಳಿದ್ದವು. ಊರಿಗೆಲ್ಲ ಗಾದಿ ಮಾಡಿಕೊಟ್ಟು ಕೌದಿಯ ಮೇಲೆ ಮಲಗುವವರು ನಾವು. ಒಳಕೋಣೆಯಲ್ಲಿ ಮಾತ್ರ ಒಂದು ಹೊಸ ಗಾದಿ ಗೋಡೆಗೆ ಆತು ನಿಂತಿತ್ತು. ಅದು ಶಿಗ್ಗಾಂವದ ಕಾಳಿನ ವ್ಯಾಪಾರಿ ಕೊಟ್ರೇಶನ ಮಗಳ ಮದುವೆಯದು. ಕೆಂಪು ಸಾಟಿನ್ ಬಟ್ಟೆ, ಆರಿಸಿದ ಹತ್ತಿ, ಅಂಚಿಗೆ ಅಕ್ಕನ ಕೈಹೊಲಿಗೆ. ಮದುವೆಯ ಗಾದಿಗೆ ಒಂದು ಕಟ್ಟಳೆ ಇದೆ. ಮದುಮಕ್ಕಳಿಗಿಂತ ಮೊದಲು ಅದರ ಮೇಲೆ ಯಾರೂ ಕೂಡಬಾರದು. ಹೊಲಿಯುವವರೂ ಕೂಡಬಾರದು. ಅದಕ್ಕೇ ಅಕ್ಕ ನೆಲದ ಮೇಲೆ ಕೂತು, ಸೊಂಟ ಬಗ್ಗಿಸಿ, ಕೈ ಚಾಚಿ ಚಾಚಿ ನಡುವಿನ ಹೊಲಿಗೆಯ ಟಾಕು ಹಾಕಿದ್ದಳು. ಅವಳ ಸೊಂಟ ಇನ್ನೂ ಹಿಡಿದುಕೊಂಡೇ ಇತ್ತು.

ಅಪ್ಪ ಆ ಗಾದಿಯನ್ನು ಎಳೆದು ತಂದು ಪಡಸಾಲೆಯಲ್ಲಿ ಹಾಸಿದ.

"ಅಪ್ಪಾ, ಅದು ಮಂದೀದು," ಅಂದಳು ಅಕ್ಕ.

"ಗಾದಿ ಮಾಡಾವ್ರ ಮನ್ಯಾಗ ಬಂದ ಮಂದಿ ನೆಲಕ್ಕ ಕುಂತ್ರ ನಮ್ಮ ಮಾನಾ ಏನ ಉಳೀತೈತಿ? ಒಂದ ತಾಸಿನ ಮಾತು. ಅವರು ಎದ್ದ ಮ್ಯಾಲೆ ಕೈಲೆ ಝಾಡಿಸಿ ಇಟ್ರಾತು."

"ಕೊಟ್ರೇಶಣ್ಣಗ ಗೊತ್ತಾದ್ರ?"

"ಯಾರ್ ಹೇಳ್ತಾರ?"

ಅಕ್ಕ ನನ್ನ ಕಡೆ ನೋಡಿದಳು. ಬೇಡ ಅನ್ನು ಎಂದು ಕಣ್ಣಲ್ಲೇ ಕೇಳಿದಳು. ಆ ಕೆಂಪು ಗಾದಿ ಹಾಸಿದ ಮೇಲೆ ನಮ್ಮ ಪಡಸಾಲೆ ಮನುಷ್ಯರು ಇರುವ ಜಾಗದ ಹಾಗೆ ಕಾಣುತ್ತಿತ್ತು. ನನಗೆ ಅದು ಬೇಕಾಗಿತ್ತು. ನಾನು ಗಾದಿಯ ಅಂಚು ಎಳೆದು ಸರಿ ಮಾಡಿದೆ.

ಅವರು ಇಬ್ಬರು ಬಂದರು. ಜಯತೀರ್ಥ ಸರ್, ನಿವೃತ್ತ ಪ್ರಾಧ್ಯಾಪಕರು, ಪ್ರತಿಷ್ಠಾನದ ಹಿರಿಯರು. ಬಿಳಿ ಧೋತರ, ತಲೆ ಪೂರ್ತಿ ಬೆಳ್ಳಗೆ, ದನಿ ಮಾತ್ರ ಇನ್ನೂ ಕ್ಲಾಸಿನದು. ಜೊತೆಗೆ ಮೃಣಾಲಿನಿ ಎಂಬ ಹೆಣ್ಣುಮಗಳು, ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಪ್ರತಿಷ್ಠಾನದ ಫೋಟೊ, ವೀಡಿಯೊ ಎಲ್ಲ ಅವಳ ಕೆಲಸ. ಕೂತ ಕೂಡಲೇ ಸರ್ ಅಂಗೈಯಿಂದ ಗಾದಿಯನ್ನು ಒತ್ತಿ ನೋಡಿದರು.

"ಭಾಳ ಮೆತ್ತಗದ. ಇಂಥಾ ಗಾದಿ ನಮ್ಮ ಮನ್ಯಾಗೂ ಇಲ್ಲ. ನಿಮ್ಮದೇನ್ರಿ?"

ಅಪ್ಪ ಸಿಕ್ಕಿಬಿದ್ದ. ನಮ್ಮದು ಅಂದರೆ ಬಡತನ ಸುಳ್ಳಾಗುತ್ತದೆ. ಮಂದಿಯದು ಅಂದರೆ ಗಿರಾಕಿಯ ಮದುವೆ ಗಾದಿಯ ಮೇಲೆ ಮತ್ತೊಬ್ಬರನ್ನು ಕೂಡಿಸಿದ ಪಿಂಜಾರ ಎಂಬ ಸುದ್ದಿ ಸಂಜೆಯೊಳಗೆ ಶಿಗ್ಗಾಂವ ಸೇರುತ್ತದೆ. ಆಮೇಲೆ ಯಾರೂ ಕರೆಯುವುದಿಲ್ಲ. ಅಪ್ಪ ಒಮ್ಮೆ ಕೆಮ್ಮಿದ.

"ಹೌದ್ರಿ. ನಮ್ಮದರಿ. ಉಳಿದ ಬಳಿದ ಹತ್ತಿಯೊಳಗ ಮಾಡ್ಕೊಂಡೇವಿ."

ಅವ್ವ ಹಾಜರಾಬಿ ಚಹಾ ತಂದಳು. ಮೃಣಾಲಿನಿ ತೆಗೆದುಕೊಂಡಳು. ಸರ್ ಕೈ ಮುಗಿದು, "ನನಗ ಸಕ್ಕರಿ ಅದ, ತಾಯಿ. ಬ್ಯಾಡ," ಅಂದರು. ಸಕ್ಕರೆಯ ರೋಗ ನಿಜವಿರಬಹುದು. ಇಲ್ಲದೆಯೂ ಇರಬಹುದು. ಇಂಥ ಹೊತ್ತಿನಲ್ಲಿ ನಿಜ ಯಾವುದೆಂದು ನಮಗೆ ಎಂದೂ ಗೊತ್ತಾಗುವುದಿಲ್ಲ. ಕೇಳಲೂ ಬರುವುದಿಲ್ಲ. ಅವ್ವ ಆ ಕಪ್ಪನ್ನು ಸೆರಗಿನಲ್ಲಿ ಮರೆ ಮಾಡಿಕೊಂಡು ಒಳಗೆ ಹೋದಳು.

ಸರ್ ಕೆಟ್ಟವರಲ್ಲ. ಇದನ್ನು ಹೇಳಲೇಬೇಕು. ನನ್ನ ಅಂಕ ಓದಿ ಅವರ ಕಣ್ಣು ಅರಳಿದ್ದನ್ನು ನಾನು ನೋಡಿದ್ದೇನೆ. ಅವರು ತಮ್ಮ ಕಥೆ ಹೇಳಿದರು.

"ನಾನೂ ನಿನ್ನಂಗ ಬಡವನ ಮಗಾ. ಹಾನಗಲ್ಲ ಕಡೆ ಹಳ್ಳಿ ನಮ್ಮದು. ನಾ ಸಣ್ಣಾಂವ ಇದ್ದಾಗ ಅಪ್ಪ ಹೋದ. ಸವಣೂರಿಗೆ ಬಂದು ವಾರಾನ್ನ ಉಂಡು ಓದಿದೆ. ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ, ಹಿಂಗ ಏಳು ದಿನಾ ಏಳು ಮನಿ. ಮಲಗಲಿಕ್ಕೆ ಮಠದ ಕಟ್ಟಿ. ನೀರು ಸೇದಿ ಹಾಕೀನಿ, ಎಂಜಲಾ ಬಳದೀನಿ. ಆದರ ಓದು ಬಿಡಲಿಲ್ಲ. ಅದಕ್ಕ ಹೇಳತೇನಿ, ಬಡತನ ಅನ್ನೂದು ಒಂದು ನೆವ. ಮನಸ್ಸು ಮಾಡಿದವರಿಗೆ ಯಾವುದೂ ಅಡ್ಡ ಬರೂದಿಲ್ಲ."

ಎಂಜಲು ಬಳಿದೆ ಎನ್ನುವಾಗ ಅವರ ದನಿ ಸ್ವಲ್ಪ ನಡುಗಿತು. ಅವರಿಗೂ ಎಲ್ಲೋ ಒಂದು ಕಡೆ ಉರಿಯುತ್ತಿತ್ತು. ನನಗೆ ಅವರ ಮೇಲೆ ಪ್ರೀತಿಯೇ ಬಂತು.

ಆಗ ಅವರು ಬಾಗಿಲ ಆಚೆ ನೋಡಿದರು. ತಗಡಿನ ಚಪ್ಪರದ ಕೆಳಗೆ ಅಕ್ಕ ಮಶೀನಿಗೆ ಹತ್ತಿ ಊಡುತ್ತಿದ್ದಳು. ಮೂಗಿಗೆ ಓಢಣಿ ಕಟ್ಟಿದ್ದಳು. ಹುಬ್ಬು ಬೆಳ್ಳಗಾಗಿತ್ತು. ಸರ್ ಅವಳನ್ನು ಒಳಗೆ ಕರೆದರು.

"ನೀ ಯಾಕ ಓದಲಿಲ್ಲವಾ?"

ಅಕ್ಕ ಯಾಕೆ ಓದಲಿಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಪಿಯುಸಿ ವಿಜ್ಞಾನದಲ್ಲಿ ಅವಳ ಅಂಕ ನನಗಿಂತ ಹೆಚ್ಚು. ಆಗ ಶಿಗ್ಗಾಂವದಲ್ಲಿ ಬಿಎಸ್ಸಿ ಇರಲಿಲ್ಲ, ಧಾರವಾಡದಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ಲು ತುಂಬಿತ್ತು. ಅಪ್ಪ ಅವಳನ್ನು ಕರೆದುಕೊಂಡು ಬಾಡಿಗೆ ರೂಮು ಹುಡುಕಲು ಓಣಿ ಓಣಿ ತಿರುಗಿದ. ಹೆಸರು ಕೇಳುವವರೆಗೆ ರೂಮು ಖಾಲಿ ಇರುತ್ತಿತ್ತು. ಹೆಸರು ಹೇಳಿದ ಮೇಲೆ ಒಬ್ಬರ ತಂಗಿಯ ಮಗ ಬರುವವನಿದ್ದ, ಒಬ್ಬರ ನಳಕ್ಕೆ ನೀರು ಬರುತ್ತಿರಲಿಲ್ಲ, ಇನ್ನೊಬ್ಬರು ಬಣ್ಣ ಹಚ್ಚಿಸಬೇಕಿತ್ತು. ಒಬ್ಬಾಕೆ ಮಾತ್ರ ನಿಮ್ಮವರಿಗೆ ಕೊಡುವುದಿಲ್ಲ ಎಂದು ಮುಖಕ್ಕೇ ಹೇಳಿದಳು. ಅಕ್ಕ ಆಗ ಅವಳನ್ನೇ ಹೊಗಳಿದ್ದಳು. ಆಮೇಲೆ ಅಕ್ಕ ಹುಲಗೂರಿನಿಂದಲೇ ಓಡಾಡಿದಳು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವುದು. ಬಸ್ಸಿನಲ್ಲಿ ನಿಂತೇ ನಿದ್ದೆ. ಅದೇ ಮಳೆಗಾಲದಲ್ಲಿ ಅಪ್ಪ ರಕ್ತ ಕೆಮ್ಮಿದ. ಅಕ್ಕ ಪುಸ್ತಕ ಕಟ್ಟಿಟ್ಟು ಮಶೀನಿನ ಮುಂದೆ ಕೂತಳು. ಅವಳು ಕೂತದ್ದರಿಂದ ನಾನು ಶಿಗ್ಗಾಂವದ ಬಸ್ಸು ಹತ್ತಿದೆ.

ಅಕ್ಕ ಮೂಗಿನ ಬಟ್ಟೆ ಬಿಚ್ಚಿದಳು. ನನ್ನನ್ನೊಮ್ಮೆ ನೋಡಿದಳು.

"ನನಗ ಓದು ಹತ್ತಲಿಲ್ಲರಿ ಸರ್. ತಲಿ ಇರಲಿಲ್ಲ. ಮೈಗಳ್ಳಿ ನಾನು."

ನನ್ನ ಕಿವಿ ಕಾದವು. ಅಪ್ಪ ನೆಲ ನೋಡಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೌದ್ರಿ, ಆಕೀಗೆ ಸಣ್ಣಾಕಿಂದನ ಓದಂದ್ರ ಒಲ್ಲೆ," ಎಂದು ಸೇರಿಸಿದಳು. ಅಕ್ಕ, ಅವ್ವ ಇಬ್ಬರಿಗೂ ಗೊತ್ತಿತ್ತು, ಬಂದವರಿಗೆ ಏನು ಕೇಳಿದರೆ ಖುಷಿಯಾಗುತ್ತದೆ ಎಂದು. ನಾನು ಬಾಯಿ ಬಿಟ್ಟರೆ ಧಾರವಾಡ ಹೋಗುತ್ತಿತ್ತು.

"ನೋಡಿದ್ಯಾ ಮೃಣಾಲಿನಿ?" ಸರ್ ಹೇಳಿದರು. "ಒಂದೇ ಮನಿ, ಒಂದೇ ಅನ್ನ. ಒಬ್ಬಾಕಿ ಮನಸ್ಸು ಮಾಡಿದಳು, ಒಬ್ಬಾಕಿ ಮಾಡಲಿಲ್ಲ. ಇದನ್ನ ನಮ್ಮ ಹುಡುಗರಿಗೆ ತೋರಿಸಬೇಕು."

ಮೃಣಾಲಿನಿಗೆ ಆ ಮಾತು ಹಿಡಿಸಿತು. ನನ್ನ ಕೈಗೆ ಪುಸ್ತಕ ಕೊಟ್ಟು ಗಾದಿಯ ಮೇಲೆ ಕೂಡಿಸಿದಳು. ಅಕ್ಕನನ್ನು ಮತ್ತೆ ಮಶೀನಿನ ಮುಂದೆ ಕಳಿಸಿದಳು. "ಅಕ್ಕಾರ, ಮುಖಾ ಈ ಕಡೆ ಬ್ಯಾಡ್ರಿ. ಸುಮ್ಮ ಕೆಲಸಾ ಮಾಡ್ರಿ. ನೀವು ಹಿಂದ ಮಸುಕು ಮಸುಕು ಬಂದ್ರ ಸಾಕು." ಅಕ್ಕ ಮುಖ ತಿರುಗಿಸಿ ಹತ್ತಿ ಊಡಿದಳು. ಧೂಳು ಎದ್ದಿತು. ಅವಳು ಕೆಮ್ಮಿದಳು. ಫೋಟೊ ಚೆನ್ನಾಗಿ ಬರಲಿಲ್ಲವೆಂದು ಮೃಣಾಲಿನಿ ಇನ್ನೊಮ್ಮೆ ಮಾಡಿಸಿದಳು. ಅಕ್ಕ ಇನ್ನೊಮ್ಮೆ ಮಾಡಿದಳು. ನಾನು ಪುಸ್ತಕ ನೋಡುತ್ತ ನಕ್ಕೆ. ನಗು ಅಂದಿದ್ದರು.

ಆಗಲೇ ಕೊಟ್ರೇಶ ಬಂದದ್ದು.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಗಾದಿ ಆಗಿದ್ದರೆ ನೋಡಿ ಹೋಗೋಣ ಎಂದು ಹುಲಗೂರಿನ ಹಾದಿಯಲ್ಲಿ ಇಳಿದಿದ್ದ. ಹೊಸ್ತಿಲಲ್ಲೇ ನಿಂತ. ಕೆಂಪು ಬಟ್ಟೆ ನೋಡಿದ. ಅದರ ಮೇಲೆ ಕೂತವರನ್ನು ನೋಡಿದ.

"ಏನಲೇ ಇಸ್ಮಾಯಿಲಾ, ಇದು ನನ್ನ ಮಗಳ ಗಾದಿ ಅಲ್ಲೇನ?"

ಅಪ್ಪ ಗಡಬಡಿಸಿ ಎದ್ದ.

"ಮದುವಿ ಗಾದಿ ಮ್ಯಾಲೆ ಯಾರ್ ಯಾರ್ನೋ ಕುಂಡ್ರಿಸಿ ಮಜಾ ಮಾಡಾಕತ್ತೀರೇನ? ಮಂದಿ ಕುಂತೆದ್ದ ಗಾದಿ ಮ್ಯಾಲೆ ನನ್ನ ಮಗಳು ಕುಂಡ್ರಬೇಕೇನ?"

ಜಯತೀರ್ಥ ಸರ್ ಚೇಳು ಕಡಿದವರ ಹಾಗೆ ಎದ್ದರು. ಅವರನ್ನು ಯಾರೂ ಯಾವತ್ತೂ 'ಯಾರ್ ಯಾರೋ' ಅಂದಿರಲಿಕ್ಕಿಲ್ಲ. ಅಪ್ಪ ಮೊಣಕಾಲೂರಿ ಕೊಟ್ರೇಶನ ಕಾಲಿಗೆ ಕೈ ಚಾಚಿದ. ನನ್ನ ಅಪ್ಪ, ಐವತ್ತು ದಾಟಿದವನು, ನನ್ನ ಕಣ್ಣ ಮುಂದೆ.

"ತಪ್ಪಾತ್ರಿ ಯಜಮಾನ್ರ. ದೊಡ್ಡ ಮಂದಿ ಬಂದಿದ್ರು, ನೆಲಕ್ಕ ಹೆಂಗ ಕುಂಡ್ರಿಸೂದು ಅಂತ..."

"ಬಿಚ್ಚು. ಈಗ ಬಿಚ್ಚು. ನನ್ನ ಕಣ್ಣಮುಂದ ಬಿಚ್ಚು. ಹತ್ತಿ ಮತ್ತ ಹಿಂಜಬೇಕು, ಬಟ್ಟಿ ಹೊಸಾದು ಹಾಕಬೇಕು, ಅದೂ ನಿನ್ನ ರೊಕ್ಕದಾಗ. ನಾಳೆ ಮುಂಜಾನೆ ನನಗ ಗಾದಿ ಬೇಕು."

ಅಕ್ಕ ಬ್ಲೇಡು ತಂದಳು. ಯಾರ ಮುಖವನ್ನೂ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ತಾನು ಹಾಕಿದ ಹೊಲಿಗೆಯನ್ನು ತಾನೇ ಕೊಯ್ದಳು. ಪರಪರ ಎಂದು ಸಾಟಿನ್ ಹರಿಯಿತು. ಹತ್ತಿ ಹೊರಗೆ ಬಂತು. ಅದನ್ನು ಎರಡೂ ಕೈಯಲ್ಲಿ ಬಾಚಿ ಅಂಗಳಕ್ಕೆ ಒಗೆದಳು. ಕೊಟ್ರೇಶ ಪೂರ್ತಿ ಖಾಲಿಯಾಗುವವರೆಗೆ ನಿಂತು ನೋಡಿ ಹೋದ.

ನಮ್ಮ ಅತಿಥಿಗಳು ಗೋಡೆಗೆ ಆತು ನಿಂತಿದ್ದರು. ಸರ್ ಅವರ ಧೋತರದ ತುಂಬ ಹತ್ತಿ ಅಂಟಿತ್ತು. ಅದನ್ನು ಆರಿಸುತ್ತ ಅವರು ಅಪ್ಪನಿಗೆ ಹೇಳಿದರು.

"ಸುಳ್ಳು ಹೇಳಿದ್ರಿ ನೀವು. ನಾನು ಕೇಳಿದೆ, ನೀವು ನಮ್ಮದು ಅಂದ್ರಿ. ಸುಳ್ಳು ಹೇಳೂ ಮನಿಗೆ ನಮ್ಮ ಪ್ರತಿಷ್ಠಾನ ಒಂದು ಪೈಸಾ ಕೊಡೂದಿಲ್ಲ."

"ನನ್ನ ತಪ್ಪಿಗೆ ಹುಡುಗೀಗೆ ಶಿಕ್ಷೆ ಬ್ಯಾಡ್ರಿ ಸಾಹೇಬ್ರ," ಅಪ್ಪ ಮತ್ತೆ ಕೈ ಮುಗಿದ. ಒಂದೇ ಮಧ್ಯಾಹ್ನದಲ್ಲಿ ಎರಡನೆಯವರಿಗೆ.

ಸರ್ ಕೊನೆಯ ಎಳೆ ಆರಿಸಿ ಒಗೆದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ಆಗಲಿ. ನಿನ್ನ ಕಡೆ ನೋಡಿ ಬಿಡತೇನಿ. ಅಪ್ಪ ಇಂಥಾಂವ, ಅಕ್ಕ ಅಂಥಾಕಿ, ಇಂಥಾ ಮನ್ಯಾಗ ಹುಟ್ಟಿ ನೀ ನಿನ್ನ ಸ್ವಂತ ಶ್ರಮದಿಂದ ಮ್ಯಾಲೆ ಬಂದಿ. ಮುಂದಿನ ವಾರ ಶಿಗ್ಗಾಂವದೊಳಗ ಸಮಾರಂಭ ಅದ. ವೇದಿಕೆ ಮ್ಯಾಲೆ ನಿಂತು ಇದನ್ನ ನೀನ ನಿನ್ನ ಬಾಯಲೆ ಹೇಳಬೇಕು. ಹೇಳತೀಯಲ್ಲಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಅಕ್ಷರ. ಅಕ್ಕ ಅಂಗಳದಿಂದಲೇ ತಲೆ ಆಡಿಸುತ್ತಿದ್ದಳು, ಅನ್ನು, ಹೂಂ ಅನ್ನು ಎಂದು. ಅವಳ ಹಿಂದೆ ಹತ್ತಿಯ ರಾಶಿ. ನನಗೆ ನನ್ನ ಮೇಲೆ ಹೇಸಿಕೆಯಾಯಿತು.

"ಇಲ್ರಿ ಸರ್. ಹೇಳಂಗಿಲ್ಲ."

"ಏನು?"

"ನನ್ನ ಅಕ್ಕ ಸುಳ್ಳು ಹೇಳ್ಯಾಳ್ರಿ. ಆಕಿ ನನಕಿಂತ ಶ್ಯಾಣ್ಯಾಕಿ. ಧಾರವಾಡದಾಗ ಬಿಎಸ್ಸಿ ಸೀಟ್ ಸಿಕ್ಕಿತ್ತು. ಇರಾಕ ಒಂದ ರೂಮ್ ಯಾರೂ ಕೊಡಲಿಲ್ಲ. ಹೆಸರು ಕೇಳಿ ಬಾಗಲಾ ಹಾಕ್ಯಾರ. ಮನಸ್ಸು ಮಾಡಿದ್ಲು ಸರ್ ಆಕಿ. ಭಾಳ ಮಾಡಿದ್ಲು."

ನನ್ನ ಬಾಯಿ ನಿಲ್ಲಲಿಲ್ಲ.

"ನಿಮಗ ಸವಣೂರಾಗ ಏಳು ಮನಿ ಬಾಗಲಾ ತಗದಿದ್ವು. ನಮ್ಮಕ್ಕಗ ಒಂದೂ ತಗೀಲಿಲ್ಲ. ನಿಮ್ಮ ಶ್ರಮ ನಿಮ್ಮದ ಐತ್ರಿ, ಇಲ್ಲ ಅನ್ನೂದಿಲ್ಲ. ಆದ್ರ ಆ ಏಳು ಮನೀನ ಯಾಕ ಲೆಕ್ಕದಾಗ ಹಿಡೀವಲ್ರಿ?"

"ಆ ಮನಿಗೋಳೊಳಗ ನಾ ಏನು ಅನುಭವಿಸೀನಿ, ನಿನಗೇನು ಗೊತ್ತು?" ಅವರ ತುಟಿ ಬೆಳ್ಳಗಾಗಿತ್ತು.

"ಗೊತ್ತಿಲ್ರಿ. ಒಳಗ ಕರದ್ರು ಅನ್ನೂದಷ್ಟ ಗೊತ್ತು."

ಅವರು ಚಪ್ಪಲಿ ಮೆಟ್ಟಿದರು. ಮೃಣಾಲಿನಿ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಅವರ ಹಿಂದೆ ನಡೆದಳು. ಅವರ ಗಾಡಿ ಓಣಿ ದಾಟಿತು. ಸಮಾರಂಭಕ್ಕೆ ಇನ್ನೊಬ್ಬರು ಸಿಗುತ್ತಾರೆ. ಸಿಗದೆ ಏನು? ಸಾಲಾಗಿ ನಿಂತಿದ್ದೇವೆ ನಾವು.

ಅಕ್ಕ ಬಂದು ನನ್ನ ಕೆನ್ನೆಗೆ ಹೊಡೆದಳು. ಅವಳು ನನ್ನನ್ನು ಎಂದೂ ಹೊಡೆದವಳಲ್ಲ. ಅಂಗೈ ಮಶೀನಿನ ಹಲ್ಲಿನಷ್ಟು ಒರಟಾಗಿತ್ತು.

"ಯಾರ್ ಕೇಳಿದ್ರು ನಿನ್ನ? ನಾ ಯಾರರ ಮುಂದ ಅತ್ತಿದ್ನೇನ, ನನ್ನ ಸಲುವಾಗಿ ಮಾತಾಡು ಅಂತ? ಆ ಧಾರವಾಡ ನಿಂದೊಬ್ಬಾಕೀದ ಅಂತ ತಿಳಕೊಂಡೀಯೇನ?"

"ಅವರು ನಿನಗ ಹಂಗ ಅಂದ್ರಲ್ಲ ಅಕ್ಕಾ. ನಾ ಹೆಂಗ ಸುಮ್ಮ ಇರಲಿ?"

"ಅಂದ್ರ ಅನ್ನಲಿ ಬಿಡು! ನಾನ ಅಂದಿದ್ದೆ." ಅವಳು ಹಲ್ಲು ಕಚ್ಚಿ ಮಾತಾಡುತ್ತಿದ್ದಳು. "ಓದು ಹತ್ತಲಿಲ್ಲ, ತಲಿ ಇರಲಿಲ್ಲ ಅಂತ ದಿನಾ ಮುಂಜಾನೆದ್ದು ನನಗ ನಾನ ಹೇಳ್ಕೋತೇನಿ. ಹಂಗ ಹೇಳ್ಕೊಂಡ್ರನ ಈ ಮಶೀನಿನ ಮುಂದ ಕುಂಡ್ರಾಕ ಆಗ್ತೈತಿ. ಇವತ್ತ ಎಲ್ಲಾರ ಮುಂದ ನೀ ನನ್ನ ಶ್ಯಾಣ್ಯಾಕಿ ಮಾಡಿದಿ. ಇನ್ನ ಹೆಂಗ ಕುಂಡ್ರಲಿ? ಹೇಳು. ಹೆಂಗ ಕುಂಡ್ರಲಿ?"

ನನಗೆ ನಾಚಿಕೆಯಿಂದ ಅವಳ ಕಣ್ಣು ನೋಡಲೂ ಆಗಲಿಲ್ಲ. ಈವರೆಗೆ ಮನೆಗೆ ನಾಚಿದ್ದೆ, ಕೂದಲಲ್ಲಿಯ ಹತ್ತಿಗೆ ನಾಚಿದ್ದೆ, ಅಪ್ಪನ ಕೆಮ್ಮಿಗೆ ನಾಚಿದ್ದೆ. ಇದು ಬೇರೆ. ಇದು ಎಲುಬಿನಲ್ಲಿತ್ತು.

ಅಂಗಳದಲ್ಲಿ ಕೊಟ್ರೇಶನ ಹತ್ತಿ ಬಿದ್ದಿತ್ತು. ನಾಳೆ ಮುಂಜಾನೆ ಗಾದಿ ಆಗಬೇಕಿತ್ತು. ಅಪ್ಪ ಗೋಡೆ ಹಿಡಿದು ಎದ್ದು ಮಶೀನಿನ ಕಡೆ ನಡೆದ. ಅವ್ವ ಅವನ ಅಂಗಿ ಹಿಡಿದು ಜಗ್ಗಿ ಕೂಡಿಸಿದಳು. ಕೊನೆಗೆ ನಾನೇ ಹೋದೆ. ಮೂಗಿಗೆ ಓಢಣಿ ಬಿಗಿದೆ. ಗುಂಡಿ ಒತ್ತಿದೆ. ಮಶೀನು ಗಡಗಡ ಎಂದು ಸುರುವಾಯಿತು. ಒಂದು ಹಿಡಿ ಹತ್ತಿ ತೆಗೆದುಕೊಂಡೆ.

ಅಕ್ಕ ಓಡಿ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಕೈಯಲ್ಲಿದ್ದ ಹತ್ತಿ ಕಸಿದು ಒಗೆದಳು. ಮಶೀನಿನ ಮುಂದೆ ಖಾಲಿಯಾದ, ತಾನು ದಿನಾ ಕೂಡುವ ಮಣೆಯನ್ನು ನೋಡಿದಳು. ಅದರ ಮೇಲೆ ತಾನೂ ಕೂಡಲಿಲ್ಲ.

ಮಶೀನು ಬರಿದೇ ತಿರುಗುತ್ತಿತ್ತು. ನಾವಿಬ್ಬರೂ ಅದರ ಮುಂದೆ ನಿಂತಿದ್ದೆವು.